ಹರಿಣಾಕ್ಷಿಯಕ್ಕನ ತಮ್ಮ ಮಂತ್ರಿಯಾದದ್ದು

ಕುಂಭಾಶಿಯ ಹೆದ್ದಾರಿ ಬದಿಯ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವ ಹರಿಣಾಕ್ಷಿ ಶೆಡ್ತಿಯ ಬಾಯಿಂದ ‘ಇಲ್ಲ’ ಎಂಬ ಮಾತು ಕೇಳಿದ ಗಿರಾಕಿಯೇ ಇಲ್ಲ. ಬನ್ಸ್ ಮುಗಿದು ಬಾಣಲೆ ತೊಳೆದಿಟ್ಟಿದ್ದರೂ “ಈಗ ಬತ್ತ್, ಕೂಕಣಿ” ಎನ್ನುತ್ತಾಳೆ. ಕೂತವನು ಚಾ ಕುಡಿಯುತ್ತ ಬನ್ಸ್ ಮರೆತು ಗೋಳಿಬಜೆ ತಿಂದು ಹೋಗುತ್ತಾನೆ. ಬಂದವನನ್ನು ಎಬ್ಬಿಸಬಾರದು, ಅವಳ ವ್ಯಾಪಾರದ ಗುಟ್ಟು ಅಷ್ಟೇ.

ತಮ್ಮ ಭೋಜರಾಜ ಈ ವಿದ್ಯೆ ಕಲಿತದ್ದು ಅಕ್ಕನ ಪಕ್ಕದಲ್ಲೇ. ಮುಂಬೈಗೆ ಹೋಗಿ ದೊಡ್ಡ ಹೋಟೆಲ್ ಕಂಪನಿಯ ಮುಖ್ಯಸ್ಥನಾದ. ಕಂಪನಿ ನಡೆಸಿದವ ಸರಕಾರವನ್ನೂ ನಡೆಸಿಯಾನು ಎಂದು ಯಾರಿಗೆ ಹೊಳೆಯಿತೋ, ವಿಧಾನ ಪರಿಷತ್ತಿನ ಬಾಗಿಲಿಂದ ಒಳಗೆ ಕರೆದು ಆರೋಗ್ಯ ಮಂತ್ರಿ ಮಾಡಿಬಿಟ್ಟರು. ಆತ ಕಂಪನಿ ಬಿಟ್ಟ. ಗಲ್ಲಾದ ಅಭ್ಯಾಸ ಬಿಡಲಿಲ್ಲ. ಅಹವಾಲು ಹಿಡಿದು ಬಂದವರಿಗೆಲ್ಲ “ಆತ್ತ್, ಮಾಡ್ಸುವ” ಎಂದ. ಮೋಸ ಮಾಡುವ ಬುದ್ಧಿ ಅವನಿಗೆ ಖಂಡಿತ ಇರಲಿಲ್ಲ. ಬಂದವರು ನಗುನಗುತ್ತ ಹೋಗಬೇಕು, ಅಷ್ಟೇ.

ಹಾಗೆ ನಗುತ್ತ ಹೋದವರಲ್ಲಿ ಬೈಂದೂರಿನ ಚಂದ್ರಮತಿಯೂ ಒಬ್ಬಳು. ಹಿಂದೆ ಹರಿಣಾಕ್ಷಿಯ ಹೋಟೆಲಿನಲ್ಲೇ ಕೆಲಸಕ್ಕಿದ್ದವಳು. ಗಂಡ ಐತನ ಕಿಡ್ನಿ ಹೋಗಿ, ಡಯಾಲಿಸಿಸಿಗೆ ವಾರಕ್ಕೆರಡು ಸಲ ಕುಂದಾಪುರಕ್ಕೆ ಬಸ್ಸಲ್ಲಿ ಕರೆತರಬೇಕಿತ್ತು. ಅಲ್ಲಿನ ಆಸ್ಪತ್ರೆಯ ಹತ್ತಿರವೇ ಬಾಡಿಗೆಗೆ ಕೋಣೆ ನೋಡಿದ್ದರು. ಬೈಂದೂರಿಗೇ ಡಯಾಲಿಸಿಸ್ ಮಿಶನ್ ಬರುತ್ತದೆಂದು ಮಂತ್ರಿ ಹೇಳಿದ ಮೇಲೆ ಅದನ್ನು ಬಿಟ್ಟುಕೊಟ್ಟರು. ಮಿಶನ್ ಬರಲಿಲ್ಲ. ಮಳೆಗಾಲದ ಒಂದು ಸಂಜೆ ವಾಪಸು ಹೋಗುವಾಗ ಐತ ಬಸ್ಸಲ್ಲೇ ಕುಸಿದು ಬಿದ್ದ. ಜೀವವೇನೋ ಉಳಿಯಿತು.

“ಅಕ್ಕ, ಮಿಶನ್ ಯಾವಾಗ ಬತ್ತ್?” ಎಂದು ಚಂದ್ರಮತಿ ಫೋನಿನಲ್ಲಿ ಕೇಳಿದಾಗ, ‘ಈಗ ಬತ್ತ್’ ಎಂಬುದು ಹರಿಣಾಕ್ಷಿಯ ನಾಲಗೆಯ ತುದಿಗೇ ಬಂದಿತ್ತು. ಅದನ್ನು ಅಲ್ಲೇ ನುಂಗಿದಳು. “ಆದಿತ್ಯವಾರ ಭೋಜ ಆನೆಗುಡ್ಡೆ ದೇವಸ್ಥಾನಕ್ಕೆ ಬತ್ತ, ನೀನೂ ಹೋಟ್ಲಿಗೆ ಬಾ” ಎಂದಳು.

ಪೂಜೆ ಮುಗಿಸಿ ಬಂದ ತಮ್ಮನನ್ನು ಹೋಟೆಲಿನ ಒಳಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿದಳು.

“ಬೈಂದೂರಿಗೆ ಮಿಶನ್ ಬತ್ತಾ?”

“ಆತ್ತಕ್ಕ, ಮಾಡ್ಸುವ.”

“ನಾನ್ ಗಿರಾಕಿ ಅಲ್ಲ ಭೋಜ. ನಿನ್ನಕ್ಕ.”

ಮಂತ್ರಿ ತಲೆ ತಗ್ಗಿಸಿದ. “ಈ ವರ್ಷ ಇಲ್ಲೆ. ದುಡ್ಡೇ ಇಟ್ಟಿಲ್ಲೆ.”

“ಅದನ್ನೇ ಚಂದ್ರಮತಿಗೆ ಹೇಳ್.”

“ಹ್ಯಾಂಗೆ ಹೇಳುದ್? ಬೇಜಾರ್ ಆತ್ತ್ ಅವ್ಳಿಗೆ.”

“ಆಯ್ಲಿ. ಇಲ್ಲಿ ಬನ್ಸ್ ಸಿಕ್ಕದಿದ್ರೆ ಗೋಳಿಬಜೆ ತಿಂತ್ರ್. ಮಿಶನ್ ಸಿಕ್ಕದಿದ್ರೆ ಐತ ಎಂತ ಮಾಡುದ್?” ಹರಿಣಾಕ್ಷಿಗೆ ತಮ್ಮನ ಮೇಲೆ ಸಿಟ್ಟಿತ್ತು. ಕಲಿಸಿದವಳು ತಾನೇ ಎಂಬ ಸಂಕಟ ಅದಕ್ಕಿಂತ ದೊಡ್ಡದಿತ್ತು.

ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಚಂದ್ರಮತಿ ಮಂತ್ರಿಯನ್ನು ಕಂಡು ಎದ್ದು ನಿಂತಳು. ಭೋಜರಾಜ ಅವಳೆದುರು ಬಂದು ನಿಂತ.

“ಚಂದ್ರಮತಿ, ಮಿಶನ್ ಈ ವರ್ಷ ಬತ್ತಿಲ್ಲೆ. ಮುಂದಿನ್ ವರ್ಷದ್ ನಂಗೂ ಗೊತ್ತಿಲ್ಲೆ. ಅವತ್ತ್ ನಾನ್ ಹಾಂಗೆ ಹೇಳದ್ದೇ ತಪ್ಪ್.”

ಅವಳು ಅಳಲಿಲ್ಲ. “ಇಷ್ಟ್ ಹೇಳುಕೆ ಇಷ್ಟ್ ದಿನ ಬೇಕಾಯ್ತಾ ಶೆಟ್ರೆ?” ಎಂದಳು. “ಮೊದ್ಲೇ ಹೇಳಿದ್ರೆ ಅವ್ರ್ ಬಸ್ಸಲ್ಲಿ ಬೀಳುದ್ ಇರ್ಲಿಲ್ಲೆ.” ಕೊಡೆ ಕೈಗೆತ್ತಿಕೊಂಡಳು. ಕತ್ತಲಾಗುವ ಮೊದಲು ಕುಂದಾಪುರದಲ್ಲಿ ಕೋಣೆ ಹುಡುಕಬೇಕಿತ್ತು.

“ನನ್ನ ಕಾರಲ್ಲಿ ಬಿಡ್ಸ್ತೆ” ಎಂದ ಭೋಜರಾಜ.

“ಬ್ಯಾಡ, ಬಸ್ಸ್ ಇತ್ತ್” ಎಂದು ಚಂದ್ರಮತಿ ರಸ್ತೆ ದಾಟಿದಳು.