ಮುಟ್ಟುವ ಮುನ್ನವೇ ಸಿಡಿಯುವ ಬಂದೂಕು

ಬಾಗಿಲಿಗೆ ಬೀಗ ಹಾಕಿದ ಮೇಲೆ ಅದನ್ನೊಮ್ಮೆ ಜಗ್ಗಿ ನೋಡುವವರು ಲೋಕದಲ್ಲಿ ಬಹಳ ಮಂದಿ. ಜಗ್ಗಿ ನೋಡಿ, ನಂಜನಗೂಡಿನ ಬಸ್ ಸ್ಟ್ಯಾಂಡಿನವರೆಗೂ ನಡೆದು, ಬಸ್ಸಿನ ಮೆಟ್ಟಿಲ ಮೇಲೆ ಕಾಲಿಡುವ ಹೊತ್ತಿಗೆ ‘ಜಗ್ಗಿದೆನೋ ಇಲ್ಲವೋ’ ಎಂಬ ಶಂಕೆ ಮೂಡಿ ಮನೆಗೆ ಹಿಂದಿರುಗುವವನು ಪ್ರಾಯಶಃ ನಾನೊಬ್ಬನೇ. ನನ್ನ ಹೆಂಡತಿ ಸರೋಜ ಇದನ್ನು ರೋಗವೆನ್ನುತ್ತಿದ್ದಳು. ನಾನು ದೂರದೃಷ್ಟಿ ಎನ್ನುತ್ತಿದ್ದೆ. ಇಂಥವನ ಕೈಗೆ ಒಮ್ಮೆ ಬಂದೂಕು ಬಂದಿತ್ತೆಂದರೆ ನಿಮಗೆ ನಗು ಬಂದೀತು. ಧಾರಾಳವಾಗಿ ನಗಿ, ಅದರಲ್ಲಿ ಗುಂಡಿರಲಿಲ್ಲ. ಇಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಲು ನಾನು ಎಷ್ಟು ಸಲ ಇಣುಕಿದ್ದೆನೆಂಬುದು ಬೇರೆ ಮಾತು.

ಬಂದೂಕು ನಮ್ಮ ಮಾವನವರದು. ಟಿ. ನರಸೀಪುರದಿಂದ ಸೋಮನಾಥಪುರಕ್ಕೆ ಹೋಗುವ ದಾರಿಯ ಹಳ್ಳಿಯೊಂದರಲ್ಲಿ ಕಬ್ಬು, ಭತ್ತ ಬೆಳೆಯುತ್ತಿದ್ದ ಅವರಿಗೆ ಗದ್ದೆಯ ಜೊತೆಗೆ ಪಿತ್ರಾರ್ಜಿತವಾಗಿ ಬಂದದ್ದು, ಯಾರೋ ಬಿಳಿಯ ದೊರೆ ಸ್ವದೇಶಕ್ಕೆ ಹೊರಡುವಾಗ ಬಿಟ್ಟುಹೋದ ಒಂಟಿಗುಂಡಿನ ರೈಫಲ್ಲು. ಗುಂಡು ಸಲಕ್ಕೆ ಒಂದೇ, ಟ್ರಿಗರ್ ಮಾತ್ರ ಎರಡು. ಹಿಂದಿನದನ್ನು ಎಳೆದರೆ ಒಳಗೊಂದು ಕೊಕ್ಕೆ ‘ಕಟಕ್’ ಎಂದು ಕಚ್ಚಿಕೊಂಡು ನಿಲ್ಲುತ್ತದೆ. ಆಮೇಲೆ ಮುಂದಿನದರ ಮೇಲೆ ನೊಣ ಕೂತಷ್ಟು ಭಾರ ಬಿದ್ದರೂ ಗುಂಡು ಹಾರುತ್ತದೆ. ಕೈ ಅಲುಗದೆ ಗುರಿ ಮುಟ್ಟಲೆಂದು ಹೂಡಿದ ನಾಜೂಕಿನ ಉಪಾಯ.

ಎಂಬತ್ತರ ದಶಕದ ಆರಂಭದಲ್ಲೊಮ್ಮೆ ದೀಪಾವಳಿಗೆ ಹೋದಾಗ ಮಾವ ಮಂಕಾಗಿ ಕೂತಿದ್ದರು. ಕಬ್ಬಿಗೆ ನುಗ್ಗಿದ ಹಂದಿಗೆ ಗುರಿಯಿಟ್ಟು ಹಿಂದಿನ ಟ್ರಿಗರ್ ಎಳೆದಿದ್ದಾರೆ, ಮುಂದಿನದನ್ನು ಮುಟ್ಟುವ ಮುನ್ನವೇ ಗುಂಡು ಹಾರಿಬಿಟ್ಟಿದೆ. ಹಂದಿ ಕ್ಷೇಮವಾಗಿ ಹೋಯಿತು; ಗಾಯವಾದದ್ದು ಮಾವನವರ ಆತ್ಮವಿಶ್ವಾಸಕ್ಕೆ.

“ಬೆರ್ಳು ನನ್ ಮಾತು ಕೇಳಕ್ಕಿಲ್ಲ ಕಣಪ್ಪ ಮೇಷ್ಟ್ರೆ. ವಯ್ಸಾಯ್ತು. ಸ್ವಾಮಾರ ಬಂದೂಕ್ನ ಪೋಲೀಸ್ ಸ್ಟೇಷನ್‌ಗೆ ಒಪ್ಪುಸ್ಬುಟ್ಟು ಬತ್ತೀನಿ.”

ಬಂದೂಕು ಹೋದರೆ ಹೋಗಲಿ. ಆದರೆ ಅವರು ಕಾಫಿ ಲೋಟವನ್ನೂ ಎರಡು ಕೈಯಲ್ಲಿ ಹಿಡಿಯತೊಡಗಿದ್ದರು. ಕುಡುಗೋಲು ಮುಟ್ಟುತ್ತಿರಲಿಲ್ಲ. ಒಂದು ಗುಂಡಿನಿಂದ ಮನುಷ್ಯ ಹತ್ತು ವರ್ಷ ಮುಪ್ಪಾಗಿದ್ದರು. ಹೈಸ್ಕೂಲಿನ ಕರಿಹಲಗೆಯ ಮೇಲೆ ಸನ್ನೆಕೋಲಿನ ಚಿತ್ರ ಬರೆದೇ ಸೀಮೆಸುಣ್ಣ ಸವೆಸಿದ ನಾನು ‘ಒಂದು ಸಲ ನೋಡುತ್ತೇನೆ’ ಎಂದುಬಿಟ್ಟೆ. ಅಂದಮೇಲೆ ಹೆದರಿದೆ.

ಖಾಲಿ ಬಂದೂಕನ್ನು ಮಣ್ಣಿನ ಗೋಡೆಗೆ ಮುಖಮಾಡಿ ಹಿಂದಿನ ಟ್ರಿಗರ್ ಎಳೆದೆ. ಕೊಕ್ಕೆ ಕಚ್ಚಿದಂತೆ ಮಾಡಿ, ಮುಂದಿನದಕ್ಕೆ ಬೆರಳು ಹೋಗುವ ಮೊದಲೇ ಜಾರಿ, ‘ಠಪ್’ ಎಂದಿತು. ಬೆರಳಿನದಲ್ಲ ತಪ್ಪು ಎಂದು ವಿಜಯೋತ್ಸಾಹದಿಂದ ಕೂಗಿದೆ. ಮಾವ ತಲೆಯಾಡಿಸಿದರು.

“ನಿಮ್ದು ಬುಡಿ. ನೀವು ಪಟಾಕಿನೂ ಊದ್‌ಬತ್ತಿನ ಕೋಲ್ಗೆ ಕಟ್ಟಿ ಅಚ್ಚೋರು!”

ಸಾಕ್ಷಿ ತಿರಸ್ಕೃತವಾಯಿತು. ಎರಡು ಟ್ರಿಗರುಗಳ ನಡುವಿನ ಸಣ್ಣ ತಿರುಪನ್ನು ಬಿಗಿಮಾಡಿದೆ, ಸಡಿಲಮಾಡಿದೆ, ಪ್ರಯೋಜನವಿಲ್ಲ. ಅತ್ತೆ ಹರಳೆಣ್ಣೆಯ ಬಾಟಲಿ ತಂದು, “ಎಣ್ಣೆ ಕುಡುಸಿ, ವರ್ಸಾ ವರ್ಸಾ ಕುಡುಸ್ತೀವಿ” ಎಂದರು. ಕುಡಿಸಿದೆ, ಕೊಕ್ಕೆ ಮೊದಲಿಗಿಂತ ಬೇಗ ಜಾರತೊಡಗಿತು. ಕೊನೆಗೆ ದೇವರನ್ನು ನೆನೆದು ತಳದ ತಗಡು ಬಿಚ್ಚಿ, ಒಳಗಿನ ಯಂತ್ರವನ್ನು ತಟ್ಟೆಯಲ್ಲಿ ಸೀಮೆಎಣ್ಣೆಗೆ ನೆನೆಹಾಕಿದೆ. ಎಣ್ಣೆ ಕೆಂಪಾಯಿತು. ತುಕ್ಕು ತಿಂದಿದೆ, ಮುಗಿಯಿತು ಕಥೆ ಎಂದು ನಾನು ಹಣೆ ಹಿಡಿದು ಕೂತಿದ್ದಾಗ, ರೊಟ್ಟಿಯ ತಟ್ಟೆ ಕಾಣೆಯಾಯಿತೆಂದು ಹುಡುಕಿಕೊಂಡು ಬಂದ ಸರೋಜ ಬಗ್ಗಿ ನೋಡಿದಳು.

“ರೀ, ತುಕ್ಕಲ್ಲ ಕಣ್ರೀ. ಕುಂಕುಮ!”

ಪ್ರತಿ ಆಯುಧಪೂಜೆಗೂ ಅತ್ತೆ ಬಂದೂಕಿಗೆ ಎಣ್ಣೆ ಬಿಟ್ಟು ಅರಿಶಿನ ಕುಂಕುಮ ಇಡುತ್ತಿದ್ದರು. ಬಂದೂಕಿಗೆ ಹಣೆ ಯಾವುದೆಂದು ತಿಳಿಯದೆ ಟ್ರಿಗರಿನ ಸಂದಿಗೇ ಉದಾರವಾಗಿ ಇಡುತ್ತಿದ್ದರು. ವರ್ಷವರ್ಷದ ಭಕ್ತಿಯೆಲ್ಲ ಎಣ್ಣೆಯಲ್ಲಿ ಕಲಸಿಕೊಂಡು, ಗಟ್ಟಿಯಾಗಿ, ಕೊಕ್ಕೆ ಕಚ್ಚಬೇಕಾದ ಕಚ್ಚನ್ನೇ ತುಂಬಿಬಿಟ್ಟಿತ್ತು.

“ಅಂಗಾರೆ ಪೂಜೆ ಮಾಡದು ತಪ್ಪಾ?” ಅತ್ತೆ ಸೆರಗು ಸಿಕ್ಕಿಸಿ ನಿಂತರು.

“ತಪ್ಪಲ್ಲ ಕಣಮ್ಮಿ,” ಎಂದರು ಮಾವ, ತಟ್ಟೆಯನ್ನೇ ನೋಡುತ್ತ. “ಎಚ್ಚಾಯ್ತು!”

ಬೆಂಕಿಕಡ್ಡಿಯಿಂದ ಕೆರೆದು, ಒರೆಸಿ, ಜೋಡಿಸಿದೆ. ಮರುದಿನ ಬೆಳಿಗ್ಗೆ ಕೆರೆಯ ಏರಿಗೆ ಒಡಕು ಮಡಕೆಯೊಂದನ್ನು ಆನಿಸಿಟ್ಟೆವು. ಮಾವ ಗುರಿ ಹಿಡಿದು ಹಿಂದಿನ ಟ್ರಿಗರ್ ಎಳೆದರು. ಕಟಕ್. ಕೊಕ್ಕೆ ಕಚ್ಚಿಕೊಂಡೇ ನಿಂತಿತು. ಮಾವನವರೂ ಹಾಗೆಯೇ ನಿಂತರು. ಆಮೇಲೆ ತಮಗೆ ಬೇಕೆನಿಸಿದಾಗ ಮುಂದಿನದನ್ನು ಮುಟ್ಟಿದರು. ಮಣ್ಣು ಚಿಮ್ಮಿತು. ಮಡಕೆ ಇದ್ದಲ್ಲೇ ಇತ್ತು.

ನಾನು ಮಡಕೆಯ ಕಡೆ ಹೆಜ್ಜೆಯಿಡುವಷ್ಟರಲ್ಲಿ ಮಾವ ಗಹಗಹಿಸಿ ನಕ್ಕರು.

“ಇದು ತಪ್ಪಿದ್ದು ನಾನು ಕಣಪ್ಪ! ಬಂದೂಕಲ್ಲ, ನಾನು!”

ತಪ್ಪಿದ ಗುರಿಗೆ ಅಷ್ಟು ಹಿಗ್ಗಿದವರನ್ನು ನಾನು ಬೇರೆ ಕಂಡಿಲ್ಲ. ಮನೆಗೆ ಬಂದು ಲೋಟವನ್ನು ಒಂದೇ ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಗಾಳಿಯಲ್ಲಿ ಬೀಸುತ್ತ, ತಪ್ಪಿದ ಬಗೆಯನ್ನು ಊರಿಗೆಲ್ಲ ಬಣ್ಣಿಸಿದರು. ಸ್ಟೇಷನ್ನಿನ ಮಾತು ಮತ್ತೆ ಎತ್ತಲಿಲ್ಲ.

ನಂಜನಗೂಡಿಗೆ ಮರಳುವ ಬಸ್ಸಿನಲ್ಲಿ ನನಗೆ ನನ್ನದೇ ಯಂತ್ರದ ಯೋಚನೆ ಹತ್ತಿತು. ಮಗಳು ಸ್ಕೂಲಿನಿಂದ ಬರುವುದು ತುಸು ತಡವಾದರೆ, ಸರೋಜ ಒಮ್ಮೆ ಕೆಮ್ಮಿದರೆ, ಯಾರೂ ಮುಟ್ಟದೆಯೇ ನಾನು ಗಾಬರಿಯಿಂದ ಸಿಡಿಯುತ್ತೇನೆ. ಇಷ್ಟು ಕಾಲ ಅದನ್ನು ಪುಕ್ಕಲುತನದ ತುಕ್ಕೆಂದು ತಿಳಿದಿದ್ದೆ. ಕೆರೆದು ನೋಡಿದರೆ ಅಲ್ಲಿಯೂ ಕುಂಕುಮವೇ ಇದ್ದೀತು. ಇದನ್ನು ಸರೋಜಳಿಗೆ ಹೇಳಿದೆ. ಅವಳು ಕಿಟಕಿಯ ಕಡೆ ತಿರುಗಿ ನಕ್ಕಳು.

ಈಗಲೂ ಬೀಗ ಜಗ್ಗಿ ನೋಡುತ್ತೇನೆ; ಈಗಲೂ ದಾರಿಯಲ್ಲಿ ನಿಲ್ಲುತ್ತೇನೆ. ಸರೋಜ ಮಾತ್ರ ರೋಗವೆನ್ನುವುದನ್ನು ಬಿಟ್ಟಿದ್ದಾಳೆ. ನನ್ನ ಕೈಯ ಚೀಲವನ್ನು ತಾನು ತೆಗೆದುಕೊಂಡು, ರಸ್ತೆಯ ಪಕ್ಕಕ್ಕೆ ಸರಿದು ನಿಂತು, “ಹೋಗಿ ನೋಡ್ಕೊಂಡ್ ಬನ್ನಿ, ಕುಂಕುಮ ಹೆಚ್ಚಾಗಿದೆ” ಎನ್ನುತ್ತಾಳೆ.