ನೀಲಿ ಬಳಿದ ಬೆಟ್ಟದ ಸೈಕಲ್ಲು

ನಮ್ಮ ಮಹಡಿಯ ಮೇಲಿನ ಶೀಟಿನ ಕೋಣೆಯಲ್ಲಿ ಒಂಬತ್ತು ಸೈಕಲ್ಲುಗಳಿವೆ. ಎಂಟು ತಮ್ಮ ಹಳೆಯ ಬಣ್ಣದಲ್ಲೇ ಮಾಸಿ ನಿಂತಿವೆ. ಒಂದು ಮಾತ್ರ ಗೇಟಿಗೆ ಬಳಿಯುವ ನೀಲಿಯಲ್ಲಿ ಹೊಳೆಯುತ್ತದೆ. ಇದೊಂದು ಯಾಕಜ್ಜಿ ಹಿಂಗಿದೆ ಎಂದು ನೀವು ಕೇಳಿದಾಗ, ಹಾಲು ಉಕ್ಕುತ್ತದೆ ಎಂದು ಎದ್ದುಹೋದೆ. ಒಲೆಯ ಮೇಲೆ ಹಾಲು ಇಟ್ಟೇ ಇರಲಿಲ್ಲ. ಬಾಯಲ್ಲಿ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ. ಹರವೆಯ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು ನಾನು, ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ.

ನಿಮ್ಮ ತಾತನಿಗೆ ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಯ ಮೇಲೆ ಸೈಕಲ್ ಶಾಪ್ ಇತ್ತು. ಊಟಿಯಿಂದ ಇಳಿದು ಬರುವ ಗುಜರಿ ಲಾರಿಗಳು ಅಂಗಡಿಯ ಎದುರು ಟೀಗೆ ನಿಲ್ಲುತ್ತಿದ್ದವು. ಅವುಗಳಲ್ಲಿ ಒಮ್ಮೊಮ್ಮೆ ದಪ್ಪ ಟೈರಿನ, ಟೈರಿನ ಮೇಲೆಲ್ಲ ಗುಬುಟು ಗುಬುಟಾಗಿ ಉಬ್ಬಿರುವ ಹೊರದೇಶದ ಸೈಕಲ್ಲು ಸಿಗುತ್ತಿತ್ತು. ರಸ್ತೆ ಬಿಟ್ಟು ಕಲ್ಲು, ಇಳಿಜಾರು, ಕಾಡುದಾರಿಯಲ್ಲಿ ಓಡಿಸಲೆಂದೇ ಮಾಡಿದ್ದು. ನಾವು ಬೆಟ್ಟದ ಸೈಕಲ್ಲು ಎನ್ನುತ್ತಿದ್ದೆವು. ತಾತ ಅವನ್ನು ತಂದು ಮನೆಯ ಹಿಂದಿನ ಕೋಣೆಯಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರು. ಹೊಲಿಗೆ ಮಿಷನ್ನಿನ ಎಣ್ಣೆ, ಹಳೇ ಬನಿಯನ್ನು, ಇಷ್ಟೇ ಅವರ ಸಾಮಾನು. ಒರೆಸುವುದು, ನೋಡುವುದು, ಮತ್ತೆ ಒರೆಸುವುದು.

ಪಕ್ಕದ ಹೂವಿನ ಮಂಡಿಯವನು ಬಾಗಿಲಲ್ಲಿ ನಿಂತು ರೇಗಿಸುತ್ತಿದ್ದ. “ಏನ್ಲಾ, ಕಾಲ್ ಮುರ್ಕಂಡ ಎತ್ತುಗಳ್ನ ಕಟ್ಟಾಕ್ದಂಗೆ ಕಟ್ಟಾಕಿದ್ದೀಯ. ಒಂದಾದ್ರೂ ಓಡ್ತದಾ?”

“ಓಡಕ್ಕೆ ನಿನ್ ಬೈಕಿಲ್ವಾ? ಇವು ಇರಕ್ಕೆ ಕಣ್ಲಾ, ಬುಡು” ಎಂದು ತಾತ ತಲೆ ಎತ್ತದೆ ಹೇಳುತ್ತಿದ್ದರು.

ಅವರಿಗೆ ಎಲ್ಲಕ್ಕಿಂತ ಹೆಚ್ಚಿನದು ಒಂದು ಹಸಿರು ಸೈಕಲ್ಲು. ಮೈಸೂರಿನಿಂದ ಒಬ್ಬ ನಿವೃತ್ತ ಮೇಷ್ಟ್ರು ಅದನ್ನು ನೋಡಲೆಂದೇ ಬರುತ್ತಿದ್ದರು. ಅವರೂ ಹಳೇ ಸೈಕಲ್ಲು ಇಟ್ಟವರು, ಯಾರ ಮನೆಯಲ್ಲಿ ಎಂಥದ್ದಿದೆ ಎಂದು ಫೋಟೊ ಹಾಕಿ ಪುಸ್ತಕ ಅಚ್ಚು ಮಾಡಿಸುವವರು. ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಕಾಫಿ ಲೋಟ ಹೊಸಿಲ ಒಳಗಿಟ್ಟು ಬಂದುಬಿಡುತ್ತಿದ್ದೆ. ಏನು ಮಾತು ಎಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಆ ಮಾಸಿದ ಸೈಕಲ್ಲಿಗೆ ಬಣ್ಣ ಹೊಡೆಸಲು ನಿಮ್ಮ ತಾತನಿಗೆ ಯಾವತ್ತೂ ಬಿಡುವಾಗಲಿಲ್ಲವಲ್ಲ ಎಂದುಕೊಳ್ಳುತ್ತಿದ್ದೆ.

ತಾತ ತೀರಿಹೋದ ವರ್ಷ ನಾವು ಹಬ್ಬ ಮಾಡಲಿಲ್ಲ. ಆ ಕೋಣೆಯ ಬೀಗವನ್ನೂ ತೆಗೆಯಲಿಲ್ಲ. ಮರುವರ್ಷ ಆಯುಧಪೂಜೆ ಹತ್ತಿರ ಬಂದಾಗ ತೆಗೆದು ನೋಡಿದರೆ ಹಂಚು ಸರಿದು ನೀರು ಸೋರಿತ್ತು. ಸೋರಿದ ನೀರೆಲ್ಲ ಹಸಿರು ಸೈಕಲ್ಲಿನ ಮೇಲೇ ಬಿದ್ದು ತುಕ್ಕು ಹಿಡಿದಿತ್ತು. ಹಬ್ಬಕ್ಕೆ ಬಂದು ನೋಡುತ್ತೇನೆ ಎಂದು ಮೇಷ್ಟ್ರು ಫೋನು ಮಾಡಿದ್ದರು. ಗಂಡ ಹೋದ ಮೇಲೆ ಹೆಂಗಸು ಎಲ್ಲ ಹಾಳುಮಾಡಿದಳು ಎನ್ನಿಸಿಕೊಳ್ಳಬಾರದು, ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಆಯುಧಪೂಜೆಗೆ ನಮ್ಮಲ್ಲಿ ನೇಗಿಲು, ಮಚ್ಚು, ಗಾಡಿ ಎಲ್ಲವನ್ನೂ ತಿಕ್ಕಿ ತೊಳೆದೇ ಇಡುವುದು. ಹಾಗೆಯೇ ಮಾಡಿದೆ. ತೆಂಗಿನ ನಾರು, ಬೂದಿ, ಪಾತ್ರೆ ತಿಕ್ಕುವ ಪುಡಿ. ಹ್ಯಾಂಡಲ್ಲಿನ ಕೆಳಗೆ, ಮುಂದಿನ ಕೊಳವೆಯ ಮೇಲೆ ಬೆಟ್ಟದ ಚಿತ್ರವಿದ್ದ ಒಂದು ಸ್ಟಿಕ್ಕರು ಅರ್ಧ ಎದ್ದಿತ್ತು. ನೆನೆಸಿ, ಚಾಕುವಿನಿಂದ ಹೆರೆದು ತೆಗೆದೆ. ಆಮೇಲೆ ಗೇಟುಗಳಿಗೆ ಬಣ್ಣ ಬಳಿಯುವವನನ್ನು ಕರೆಸಿದೆ. ಒಂದೇ ದಿನದಲ್ಲಿ ನೀಲಿ ಬಳಿದು ಮುಗಿಸಿದ.

“ನೋಡವ್ವ, ಈಗ್ತಾನೇ ಶೋರೂಮಿಂದ ಇಳಿಸ್ದಂಗೆ ಮಾಡ್ಬುಟ್ಟಿವ್ನಿ” ಎಂದ. ನನಗೂ ಹಾಗೇ ಕಂಡಿತು. ವಿಭೂತಿ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಅಂದು ಎಷ್ಟೋ ದಿನದ ಮೇಲೆ ಹೊಟ್ಟೆತುಂಬ ಉಂಡೆ.

ಮೇಷ್ಟ್ರು ಬಂದವರು ಬಾಗಿಲಲ್ಲೇ ನಿಂತರು. ಹಾರ ಸರಿಸಿ ಕೊಳವೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು.

“ಇದಕ್ಕೆ ಬಣ್ಣ ಯಾರು ಹೊಡೆಸಿದ್ದಮ್ಮ?”

ಅವರ ದನಿಯಲ್ಲೇ ನನಗೆ ತಪ್ಪಾಗಿದೆ ಎಂದು ಗೊತ್ತಾಯಿತು. ಏನು ತಪ್ಪು ಎಂದು ಗೊತ್ತಾಗಲಿಲ್ಲ. “ಅವರೇ. ಹೋಗಕ್ಕೆ ಮುಂಚೆ” ಎಂದುಬಿಟ್ಟೆ.

“ಅವರೇನಾ?”

“ಹೂಂ.”

“ತುಕ್ಕಾದ್ರೂ ಇರಲಿ, ಹಳೇ ಬಣ್ಣ ಹೋದ್ರೆ ಸೈಕಲ್ಲೇ ಹೋದಂಗೆ ಅಂತ ನನಗೆ ಕಲಿಸಿದ್ದೇ ಅವರು. ಈ ಹಸಿರು, ಆ ಸ್ಟಿಕ್ಕರು ಇನ್ನೆಲ್ಲೂ ನಾನು ನೋಡಿಲ್ಲ.” ಸರಿಸಿದ ಹಾರವನ್ನು ಮತ್ತೆ ಮೊದಲಿನಂತೆ ಹಾಕಿ, “ಕೊನೇಲಿ ಅವರ ಬುದ್ಧಿ ಸ್ತಿಮಿತದಲ್ಲಿರಲಿಲ್ಲವೇನೋ, ಪಾಪ” ಎಂದರು.

ಆಗಲೇ ಹೇಳಬಹುದಿತ್ತು. ನಿಮ್ಮ ತಾತ ಕೊನೆಯ ದಿನವೂ ಒಂದು ಸ್ಪೋಕು ಎಷ್ಟು ಬಿಗಿಯಾಗಿದೆಯೆಂದು ಉಗುರಿನಿಂದ ತಟ್ಟಿ, ಸದ್ದಿನಲ್ಲೇ ಹೇಳಿದವರು. ಅಂಥವರಿಗೆ ಬುದ್ಧಿ ಇರಲಿಲ್ಲ ಎನ್ನುವುದನ್ನು ಕೇಳಿಕೊಂಡು, ಸೆರಗು ಎಳೆದುಕೊಂಡು ನಿಂತೆ. ಮೇಷ್ಟ್ರು ಸೈಕಲ್ಲಿನದೊಂದು ಫೋಟೊ ತೆಗೆದುಕೊಂಡು, ಕಾಫಿ ಕುಡಿಯದೆ ಹೊರಟರು.

ತಿಂಗಳ ಮೇಲೆ ಮೇಷ್ಟ್ರಿಂದ ಅಂಚೆಯಲ್ಲಿ ಆ ಫೋಟೊ ಬಂತು. ನೀಲಿ ಸೈಕಲ್ಲಿನದು. ಪುಸ್ತಕದಲ್ಲಿ ಫೋಟೊದ ಕೆಳಗೆ ಬರೆದದ್ದನ್ನೇ ಹಿಂದುಗಡೆ ಬರೆದಿದ್ದರು: ‘ಮಾಲೀಕರೇ ಬಣ್ಣ ಬದಲಿಸಿದ್ದಾರೆ. ಮೂಲ ರೂಪ ಉಳಿದಿಲ್ಲ.’ ಆ ಪುಸ್ತಕವನ್ನು ಇಂಥ ಸೈಕಲ್ಲು ಇಟ್ಟವರೆಲ್ಲ ತರಿಸಿಕೊಂಡು ಓದುತ್ತಾರಂತೆ.

ಗುಂಡ್ಲುಪೇಟೆಯ ಮನೆ ಬಿಟ್ಟು, ಸೈಕಲ್ಲುಗಳ ಸಮೇತ ಚಾಮರಾಜನಗರಕ್ಕೆ ನಿಮ್ಮಮ್ಮನ ಜೊತೆ ಬಂದ ಮೇಲೆ ಎರಡು ಸಲ ಮೇಷ್ಟ್ರಿಗೆ ಫೋನು ಮಾಡಿದೆ. ಒಂದು ಸಲ ಅವರ ಹೆಂಡತಿ ಎತ್ತಿಕೊಂಡರು, ಮಳೆ ಬೆಳೆ ಮಾತಾಡಿ ಇಟ್ಟೆ. ಇನ್ನೊಂದು ಸಲ ಅವರೇ ಎತ್ತಿಕೊಂಡು, “ಹೇಳಿಯಮ್ಮ” ಎಂದರು. ಮಿಕ್ಕ ಎಂಟು ಚೆನ್ನಾಗಿವೆ ಎಂದೆ. “ಅವನ್ನ ಒರೆಸೋದಷ್ಟೇ ಮಾಡಿ, ತೊಳೀಬೇಡಿ” ಎಂದರು. ಆಗಲಿ ಎಂದೆ. ಅಷ್ಟೇ ಆಯಿತು.

ನಿನ್ನೆ ಆ ಫೋಟೊ ತೆಗೆದು, ‘ಮಾಲೀಕರೇ’ ಎಂಬಲ್ಲಿ ಗೆರೆ ಹೊಡೆದು, ಮೇಲೆ ‘ಅವರ ಹೆಂಡತಿ, ಅವರು ಹೋದ ಮೇಲೆ’ ಎಂದು ಬರೆದೆ. ಈ ಹಾಳೆಯ ಜೊತೆ ಇಟ್ಟಿದ್ದೇನೆ. ಮೇಷ್ಟ್ರ ಪುಸ್ತಕದಲ್ಲಿ ಮಾತ್ರ ಆ ತಪ್ಪು ಇನ್ನೂ ನಿಮ್ಮ ತಾತನದೇ.