ಅಂಚೆಟ್ಟಿಯ ಬಿಸಿಲಿಗೆ ಇಟ್ಟ ನೀರು

ಹೊಸೂರಿನಿಂದ ಬೆಳಗ್ಗೆ ಆರೂವರೆಗೆ ಹೊರಟೆ. ಅಂಚೆಟ್ಟಿಯ ನೇರ ಬಸ್ಸು ಆಗಲೇ ಹೋಗಿಬಿಟ್ಟಿತ್ತು. ಡೆಂಕಣಿಕೋಟೆಯಲ್ಲಿಳಿದು ಮುಕ್ಕಾಲು ಗಂಟೆ ಕಾದು ಇನ್ನೊಂದು ಹಿಡಿದೆ. ತೊಡೆಯ ಮೇಲೆ ಅಗಲವಾದ ಗಾಜಿನ ತಟ್ಟೆ, ಅದರಲ್ಲಿ ಹಳದಿ ಪುಡಿ ಹಚ್ಚಿದ ಬಟ್ಟೆಯ ತುಂಡು. ಕಂಡಕ್ಟರ್ ಬಗ್ಗಿ ನೋಡಿ, "ಅರಿಶಿನದ ಬಟ್ಟೇನಮ್ಮಾ, ಯಾರ್ ಮದ್ವೆ?" ಎಂದ. ನನ್ನದೇ ಎನ್ನಬೇಕೆನಿಸಿತು. ಎರಡು ವರ್ಷದಿಂದ ಅದರ ಜೊತೆಗೇ ಸಂಸಾರ ಮಾಡುತ್ತಿದ್ದೇನೆ.

ಆ ಪುಡಿಯ ಕಣಕಣದಲ್ಲೂ ಕಣ್ಣಿಗೆ ಕಾಣದ ರಂಧ್ರಗಳಿವೆ. ಬೆಳಕು ಬಿದ್ದರೆ ಆ ರಂಧ್ರಗಳಲ್ಲಿ ನೀರೂ ಗಾಳಿಯೂ ಸೇರಿ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ. ಗಾಯಕ್ಕೆ ಹಾಕಿದರೆ ನೊರೆ ಏಳುತ್ತದಲ್ಲ, ಅದೇ ಔಷಧಿ. ಬಸ್ಸೇ ಅಪರೂಪವಾದ ಊರುಗಳಲ್ಲಿ ಅದು ಅಲ್ಲಲ್ಲೇ ತಯಾರಾಗಲಿ ಎಂಬುದು ನನ್ನ ಆಸೆ. ಪ್ರಯೋಗಾಲಯದ ದೀಪದಡಿ, ಶುದ್ಧ ನೀರಿನಲ್ಲಿ ಆಗುತ್ತಿತ್ತು. ಬೋರ್‌ವೆಲ್‌ನ ಗಡಸು ನೀರಿನಲ್ಲಿ, ಬರೀ ಬಿಸಿಲಿಗೆ ಆಗದಿದ್ದರೆ ಸಂಶೋಧನೆಯ ವಿಷಯವನ್ನೇ ಬದಲಿಸಿ ಎಂದು ನನ್ನ ಪಿಎಚ್.ಡಿ. ಮಾರ್ಗದರ್ಶಕರು ಹೇಳಿಬಿಟ್ಟಿದ್ದರು.

ಅಂಚೆಟ್ಟಿಯಲ್ಲಿ ಇಳಿದು, ಏರುದಾರಿಯಲ್ಲಿ ಒಂದು ಗಂಟೆ ನಡೆದು ದೊಡ್ಡಮ್ಮನ ಮನೆ ಸೇರಿದೆ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಅಂಥ ಬಿಸಿಲಿಗೆ ಖುಷಿಪಟ್ಟವಳು ಆ ಊರಲ್ಲಿ ನಾನೊಬ್ಬಳೇ ಇರಬೇಕು. ಬಟ್ಟೆಯ ಮೇಲೆ ಬೋರ್‌ವೆಲ್ ನೀರು ಸುರಿದು ತಟ್ಟೆಯನ್ನು ಅಂಗಳದ ಕಲ್ಲಿನ ಮೇಲಿಟ್ಟೆ. ನೋಡಿಕೋ ಎಂದು ದೊಡ್ಡಮ್ಮನಿಗೆ ಹೇಳಿ, ಪಕ್ಕದ ಹಳ್ಳಿಯ ನೀರನ್ನೂ ಒಂದು ಬಾಟಲಿ ತರಲು ಹೋದೆ.

ಬಂದಾಗ ಮಧ್ಯಾಹ್ನ ಒಂದು ಗಂಟೆ. ಪೆರಾಕ್ಸೈಡ್ ಇದ್ದರೆ ನೀಲಿಯಾಗುವ ಕಾಗದದ ಪಟ್ಟಿಯನ್ನು ನೀರಿಗೆ ಅದ್ದಿದೆ. ಬೆಳ್ಳಗೇ ಇತ್ತು. ಇನ್ನೊಂದು ಅದ್ದಿದೆ, ಅದೂ ಬೆಳ್ಳಗೆ. ಅಲ್ಲೇ ಜಗಲಿಯ ಮೇಲೆ ಕುಕ್ಕರಿಸಿದೆ. ದೊಡ್ಡಮ್ಮ ರಾಗಿಮುದ್ದೆ, ಹುರುಳಿ ಸಾರು ತಂದಿಟ್ಟರು. ನೀರು ಕೆಟ್ಟಿತು ಎಂದೆ. ಅವರಿಗೆ ಬೇಸರವಾಯಿತು.

"ಅದೆಂಗೆ ಕೆಡ್ತದೆ? ಒಂದ್ ಕಡ್ಡಿನೂ ಬೀಳಾಕ್ ಬಿಟ್ಟಿಲ್ಲ ಕಣವ್ವ. ನೀನು ಅತ್ಲಾಗ್ ಹೋಗ್ತಿದ್ದಂಗೇ ಮೊರ ಮುಚ್ಚಿದ್ದೆ. ಬಾಯ್ ತೆರ್ದ ನೀರ್ಗೆ ಕಾಗೆ ಬಾಯಿ ಇಡಾಕಿಲ್ವಾ? ನೀ ಬರಾದ್ ಕಂಡು ಈಗ್ ತೆಗ್ದೆ."

ಗೋಡೆಗೆ ಒರಗಿಸಿದ್ದ ಮೊರ ಆಗ ಕಣ್ಣಿಗೆ ಬಿತ್ತು. ನೀರಿನ ಪಾತ್ರೆಯನ್ನು ತೆರೆದಿಡುವ ಹೆಂಗಸು ಆ ಮನೆಯಲ್ಲಿ ಎಂದೂ ಇರಲಿಲ್ಲ. ಮುಚ್ಚಬಾರದೆಂದು ಹೇಳಿ ಹೋಗಬೇಕಾದವಳು ನಾನು. ಅಷ್ಟು ಹೊತ್ತೂ ನನ್ನ ಪುಡಿ ಕತ್ತಲಲ್ಲಿತ್ತು. ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಮೊರ ಒಳಗೆ ಹೋಯಿತು. ದೊಡ್ಡಮ್ಮ ಕೋಲು ಹಿಡಿದು ಕಾಗೆ ಕಾಯಲು ಕೂತರು. ಮೋಡ ಬಂದಾಗಲೆಲ್ಲ ನಾನು ಆಕಾಶವನ್ನು ಬೈದೆ. ಮೂರೂವರೆಗೆ ಅದ್ದಿದ ಪಟ್ಟಿಯ ತುದಿ ಮೊದಲು ಮಾಸಿದಂತಾಯಿತು, ಆಮೇಲೆ ತಿಳಿನೀಲಿ. ದೊಡ್ಡಮ್ಮನಿಗೂ ತೋರಿಸಿದೆ. ಇಷ್ಟಕ್ಕೇನಾ ಇಷ್ಟು ಪಾಡು ಎಂದರು. ಇಷ್ಟಕ್ಕೇ. ಎದೆಯ ಮೇಲಿನ ಕಲ್ಲು ಇಳಿದಿತ್ತು.

ಹಿಂದಿರುಗುವಾಗ ಡೆಂಕಣಿಕೋಟೆ ಹತ್ತಿರ ಫೋನಿಗೆ ಸಿಗ್ನಲ್ ಸಿಕ್ಕಿತು. ಸುದ್ದಿ ಕೇಳಿದ ಮಾರ್ಗದರ್ಶಕರು ಶಹಬ್ಬಾಸ್ ಎನ್ನಲಿಲ್ಲ. ಬೆಳಕಿಲ್ಲದಿದ್ದರೆ ಆಗುವುದಿಲ್ಲ ಎಂದು ಹೇಗೆ ಗೊತ್ತು, ಅದೇ ನೀರನ್ನು ಮುಚ್ಚಿಟ್ಟು ನೋಡಿದಿರಾ ಎಂದು ಕೇಳಿದರು.

"ನೋಡಿದೆ ಸರ್," ಎಂದೆ. "ಅದನ್ನ ನಮ್ಮ ದೊಡ್ಡಮ್ಮ ಮಾಡಿದ್ರು."